ಮುಂದಿನ ಓದಿಗೆ ಯಾವ ಶಾಂತಲೆ?

ಸ್ವಾಧ್ಯಾಯವನ್ನು ಆಭ್ಯಂತರ ತಪಸ್ಸುಗಳಲ್ಲಿ ಒಂದೆಂದು ಎಣಿಸಿದ ತತ್ತ್ವಾರ್ಥಸೂತ್ರವು ಅದನ್ನು ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶಗಳೆಂದು ಐದು ಬಗೆಯಾಗಿ ವಿಂಗಡಿಸುತ್ತದೆ. ಕಾದಂಬರಿಯ ಓದನ್ನು ಸ್ವಾಧ್ಯಾಯವೆಂದು ಕರೆಯುವ ಧೈರ್ಯ ನನಗಿಲ್ಲ. ಆದರೂ ಬಸದಿಯ ಸಭಾಭವನದಲ್ಲಿ ಹತ್ತು ಹದಿನೈದು ಮಂದಿ ಕುಳಿತು ಒಂದೇ ಪುಸ್ತಕವನ್ನು ಓದುವಾಗ ಎರಡನೆಯದಾದ ಪೃಚ್ಛನೆಯನ್ನು, ಎಂದರೆ ಸಂಶಯವನ್ನು ಬಿಚ್ಚಿ ಕೇಳುವುದನ್ನು, ನೆನಪಿನಲ್ಲಿಡುವುದು ಒಳಿತು. ನಮ್ಮ ಓದುಗರ ಗೋಷ್ಠಿಗಳಲ್ಲಿ ಪುಸ್ತಕವನ್ನು ಆರಿಸುವ ರೀತಿಯೇ ಬೇರೆ. ಜೈನ ಪಾತ್ರಗಳು ಗೌರವಯುತವಾಗಿವೆಯೆ, ಹಿರಿಯರ ಮುಂದೆ ಓದಲು ಮುಜುಗರವಿಲ್ಲವೆ, ಪ್ರಶಸ್ತಿ ಬಂದಿದೆಯೆ ಎಂದು ವಿಚಾರಿಸಿದರೆ ಆಯ್ಕೆ ಮುಗಿಯಿತು. ಹೀಗೆ ಆರಿಸಿದ ಪುಸ್ತಕಕ್ಕೆ ಕೊನೆಯಲ್ಲಿ ಎಲ್ಲರೂ ತಲೆದೂಗುತ್ತಾರೆ. ಕೇಳುವುದಕ್ಕೆ ಏನೂ ಉಳಿದಿರುವುದಿಲ್ಲ.

ಹೊಯ್ಸಳರ ರಾಣಿ ಶಾಂತಲೆಯನ್ನು ಕುರಿತ ಕಾದಂಬರಿಯೊಂದನ್ನು ಓದಬೇಕೆಂಬ ಬಯಕೆ ಇಂತಹ ಗೋಷ್ಠಿಗಳಲ್ಲಿ ಸಹಜವಾದುದು. ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜಿನಭಕ್ತೆ, ಪತಿ ವಿಷ್ಣುವರ್ಧನ ವೈಷ್ಣವಧರ್ಮಕ್ಕೆ ಒಲಿದನೆಂದು ಪ್ರಸಿದ್ಧನಾದವನು. ಇವರ ನಡುವೆ ತನ್ನ ಧರ್ಮವನ್ನು ಬಿಡದೆ 1123ರಲ್ಲಿ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದವಳು ಶಾಂತಲೆ. (ಸವತಿಯರಿಗೆ ಮದ್ದಾನೆ ಎಂಬ ಬಿರುದು ಶಾಂತಿನಾಥ ಸ್ವಾಮಿಯ ಆಲಯಕ್ಕೆ ಹೆಸರಾದುದು ಒಂದು ವಿನೋದವೇ ಸರಿ.)

ಆಯ್ಕೆಗೆ ನಿಲ್ಲುವ ಪುಸ್ತಕಗಳು ಎರಡು. ಒಂದು, ಸಿ. ಕೆ. ನಾಗರಾಜರಾವ್ ಅವರ ‘ಪಟ್ಟಮಹಾದೇವಿ ಶಾಂತಲದೇವಿ’. ಭಾರತೀಯ ಜ್ಞಾನಪೀಠದ ಮೊದಲ ಮೂರ್ತಿದೇವಿ ಪ್ರಶಸ್ತಿ 1983ರಲ್ಲಿ ಈ ಕೃತಿಗೆ ಸಂದಿತು. ಶಾಸನಗಳನ್ನು ಶ್ರದ್ಧೆಯಿಂದ ಶೋಧಿಸಿ ಬರೆದ ಬೃಹತ್ಕೃತಿ ಇದು. ಭಿನ್ನ ಮತಗಳು ಒಂದೇ ಮನೆಯಲ್ಲಿ ಮನಸ್ತಾಪವಿಲ್ಲದೆ ಬಾಳುವ ಚಿತ್ರ ಇದರಲ್ಲಿ ಸೊಗಸಾಗಿ ಮೂಡಿದೆ. ಆದರೆ ಈ ಶಾಂತಲೆ ಎಳವೆಯಿಂದಲೇ ವಿವೇಕದ ಮೂರ್ತಿ. ಅವಳು ತಡವರಿಸುವುದು ಅಪರೂಪ. ಪೂಜ್ಯಳಾದ ನಾಯಕಿಯನ್ನು ಓದುಗರು ನಮಸ್ಕರಿಸುತ್ತಾರೆಯೇ ಹೊರತು ಪ್ರಶ್ನಿಸುವುದಿಲ್ಲ.

ಇನ್ನೊಂದು, ಕೆ. ವಿ. ಅಯ್ಯರ್ ಅವರ ‘ಶಾಂತಲಾ’. ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿ ಅಂಗಸಾಧನೆಯಲ್ಲಿ ಹೆಸರಾದ ಅಯ್ಯರ್, ಕಾದಂಬರಿಯಲ್ಲಿ ಮಾತ್ರ ಬಹು ಮೃದುಹೃದಯಿ. ಭಾವ ಉಕ್ಕಿ ಹರಿಯುತ್ತದೆ, ಕೆಲವೆಡೆ ಅತಿಯಾಗಿಯೇ. ಗಾತ್ರದಲ್ಲಿ ಚಿಕ್ಕದು, ಕೆಲವು ವಾರಗಳಲ್ಲಿ ಮುಗಿಯುತ್ತದೆ. ನಮ್ಮ ಹಿರಿಯರು ಇದನ್ನು ಬೇಡವೆನ್ನುವುದು ಭಾವುಕತೆಯ ಕಾರಣದಿಂದಲ್ಲ, ಮುಕ್ತಾಯದ ಕಾರಣದಿಂದ. ರಾಣಿಯು ಶಿವಗಂಗೆಯಲ್ಲಿ ತಾನಾಗಿ ಪ್ರಾಣವನ್ನು ಬಿಟ್ಟಳೆಂಬ ಲೋಕಕಥೆಯ ಹಾದಿಯಲ್ಲಿಯೇ ಈ ಕಾದಂಬರಿಯ ದುರಂತವೂ ಸಾಗುತ್ತದೆ. ಜಿನಧರ್ಮದ ಉಪಾಸಕಿಗೆ ಆತ್ಮಘಾತವೆ?

ನನ್ನ ಮತ ಈ ಪುಸ್ತಕಕ್ಕೇ. ಕಾರಣವೂ ಆ ಮುಕ್ತಾಯವೇ.

ಸವತಿಗಂಧವಾರಣ ಬಸದಿಯ ಶಾಸನವನ್ನು ಕಾದಂಬರಿಯ ಪಕ್ಕದಲ್ಲಿಟ್ಟು ನೋಡಬೇಕು. 1131ರಲ್ಲಿ ಶಾಂತಲೆ ಶಿವಗಂಗೆಯ ತೀರ್ಥದಲ್ಲಿ ತೀರಿಕೊಂಡಳೆಂದು ಅದು ತಿಳಿಸುತ್ತದೆ. ಬೆಟ್ಟದಿಂದ ಹಾರಿದ ಮಾತು ಅಲ್ಲಿಲ್ಲ. ಮಗಳು ಹೋದ ಮೇಲೆ ತಾನು ಹಿಂದುಳಿಯಲಾರೆನೆಂದು ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಬಂಧುಗಳಿಂದ ಬೀಳ್ಕೊಂಡು, ಪ್ರಭಾಚಂದ್ರ, ವರ್ಧಮಾನ, ರವಿಚಂದ್ರರೆಂಬ ಮುನಿಗಳ ಸಮ್ಮುಖದಲ್ಲಿ ಒಂದು ತಿಂಗಳು ಉಪವಾಸವಿದ್ದು, ಪಂಚಪದಗಳನ್ನು ಜಪಿಸುತ್ತ ದೇಹವನ್ನು ಬಿಟ್ಟಳು. ಕಾದಂಬರಿಯ ಮಗಳ ಸಾವು, ಶಾಸನದ ತಾಯಿಯ ಸಾವು: ಇವೆರಡನ್ನು ಒಂದೇ ಗೋಷ್ಠಿಯಲ್ಲಿ ಎದುರುಬದುರಾಗಿ ಇರಿಸಿದರೆ ಪೃಚ್ಛನೆ ತಾನಾಗಿ ಹುಟ್ಟುತ್ತದೆ.

ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಈ ಭೇದವನ್ನು ವಿವರಿಸಿದ್ದಾರೆ. ರಾಗದ್ವೇಷಮೋಹಗಳಿಗೆ ಒಳಗಾಗಿ ವಿಷ, ಶಸ್ತ್ರಗಳಿಂದ ತನ್ನನ್ನು ಕೊಂದುಕೊಳ್ಳುವುದು ಆತ್ಮವಧೆ. ಸಲ್ಲೇಖನೆಯಲ್ಲಿ ರಾಗಾದಿಗಳಿಲ್ಲವಾಗಿ ಅದು ಹಾಗಲ್ಲ. ಉಗ್ರಾಣ ಉರಿಯುವಾಗ ವರ್ತಕನು ಮೊದಲು ಅದನ್ನೇ ಉಳಿಸಲು ಯತ್ನಿಸುತ್ತಾನೆ, ಆಗದಿದ್ದರೆ ಒಳಗಿನ ಸರಕನ್ನಾದರೂ ಕಾಯುತ್ತಾನೆಂಬ ದೃಷ್ಟಾಂತ ಅವರದು. ತತ್ತ್ವಾರ್ಥಸೂತ್ರವು ಸಲ್ಲೇಖನೆಯ ಅತಿಚಾರಗಳಲ್ಲಿ ಮರಣಾಶಂಸೆಯನ್ನು ಸೇರಿಸಿದೆ. ಸಾವನ್ನು ಬಯಸುವುದೇ ವ್ರತಕ್ಕೆ ದೋಷ. ಈ ಅಳತೆಗೋಲಿಗೆ ಕಾದಂಬರಿಯ ಶಾಂತಲೆ ನಿಲ್ಲುವುದಿಲ್ಲ. ಅವಳ ತ್ಯಾಗ ಎಷ್ಟೇ ಉದಾತ್ತವೆನಿಸಲಿ, ಅದು ರಾಗದ ಬೆಂಕಿಯಲ್ಲಿ ಬೆಂದದ್ದು. ಹಾಗಾದರೆ ಮಾಚಿಕಬ್ಬೆ? ಮಗಳ ಮೇಲಿನ ಶೋಕದಿಂದ ಹೊರಟವಳಲ್ಲಿ ರಾಗ ಇರಲಿಲ್ಲವೆ? ಶೋಕದಿಂದ ಆರಂಭವಾದದ್ದು ಆ ಒಂದು ತಿಂಗಳಿನಲ್ಲಿ, ಗುರುಸನ್ನಿಧಿಯಲ್ಲಿ, ಸಮಾಧಿಯಾಗಿ ಮಾರ್ಪಟ್ಟಿತೆಂದು ನಾನು ತಿಳಿಯುತ್ತೇನೆ. ಬೇರೆಯಾಗಿ ತಿಳಿಯುವವರ ವಾದಕ್ಕೂ ಬಲವಿದೆ.

ಇದು ಗ್ರಂಥಸ್ಥ ಚರ್ಚೆ ಮಾತ್ರವಲ್ಲ. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಂಥಾರಾ ವ್ರತವನ್ನು ಆತ್ಮಹತ್ಯೆಯ ಅಪರಾಧವೆಂದು ಪರಿಗಣಿಸಬೇಕೆಂದಿತು; ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಆಗ ನಮ್ಮವರು ಮೌನ ಮೆರವಣಿಗೆಗಳಲ್ಲಿ ನಡೆದರು. ಆದರೆ ಎರಡಕ್ಕೂ ವ್ಯತ್ಯಾಸವೇನೆಂದು ಕಾಲೇಜಿಗೆ ಹೋಗುವ ಮಕ್ಕಳು ಮನೆಯಲ್ಲಿ ಕೇಳಿದರೆ, ‘ನಮ್ಮ ಧರ್ಮದಲ್ಲಿ ಹಾಗಿದೆ’ ಎಂಬುದಕ್ಕಿಂತ ಮುಂದೆ ಹೋಗುವ ಮನೆಗಳು ಎಷ್ಟು? ಆ ಉತ್ತರವನ್ನು ಹುಡುಕುವುದಕ್ಕೆ ಆದರ್ಶ ನಾಯಕಿಯ ಚರಿತ್ರೆಗಿಂತ ನಮ್ಮನ್ನು ಕೆಣಕುವ ಕಥೆಯೇ ಹೆಚ್ಚು ನೆರವಾಗುತ್ತದೆ.

ಒಂದು ಎಚ್ಚರಿಕೆ ಅಗತ್ಯ. ಗೋಷ್ಠಿಯ ಯಾವುದಾದರೂ ಮನೆಯಲ್ಲಿ ಈಚೆಗೆ ಅಂತಹ ಸಾವು ಸಂಭವಿಸಿದ್ದರೆ ಈ ಪುಸ್ತಕವನ್ನು ಮುಂದಕ್ಕೆ ಹಾಕಬೇಕು. ಅವರೆದುರು ದೋಷವಿಚಾರ ಮಾಡುವುದು ಹಿಂಸೆ.

ಬಸದಿಗಳ ಆಡಳಿತ ಮಂಡಲಿಗಳು ನಾಗರಾಜರಾವ್ ಅವರ ಸಂಪುಟಗಳನ್ನು ಗ್ರಂಥಭಂಡಾರಕ್ಕೆ ಅವಶ್ಯವಾಗಿ ತರಿಸಲಿ. ಮನೆಯಲ್ಲಿ ಬಿಡುವಾಗಿ ಓದುವುದಕ್ಕೆ ಅವು ತಕ್ಕವು. ಕೂಡಿ ಓದುವುದಕ್ಕೆ ಅಯ್ಯರ್ ಅವರ ಪ್ರತಿಗಳು ಐದಾರು ಸಾಕು. ಶಾಸನದ ಪಾಠ ಎಪಿಗ್ರಾಫಿಯಾ ಕರ್ನಾಟಿಕಾದ ಎರಡನೆಯ ಸಂಪುಟದಲ್ಲಿ ದೊರೆಯುತ್ತದೆ. ಹಳಗನ್ನಡ ಬಲ್ಲ ಹಿರಿಯರೊಬ್ಬರು ಅದನ್ನು ಕೊನೆಯ ದಿನ ಓದಿ ಅರ್ಥ ಹೇಳಲಿ, ಆ ದಿನ ಬೇರೆ ಕಾರ್ಯಕ್ರಮ ಬೇಡ.