ಪೈಪೋಟಿಯ ಸಮೀಕರಣವೂ ಲಂಟಾನವೂ

ಎರಡು ಜೀವಜಾತಿಗಳ ಪೈಪೋಟಿಯನ್ನು ಲೋಟ್ಕಾ (1925), ವೋಲ್ಟೆರಾ (1926) ಇವರು ಸಮೀಕರಣಗಳಲ್ಲಿ ನಿರೂಪಿಸಿದರು. ವೃದ್ಧಿದರ, ನೆಲವು ತಾಳಬಲ್ಲ ಗರಿಷ್ಠ ಸಂಖ್ಯೆ, ಒಂದು ಇನ್ನೊಂದನ್ನು ಅದುಮುವ ಪ್ರಮಾಣ, ಇವನ್ನು ಸ್ಥಿರಾಂಕಗಳೆಂದು ಹಿಡಿದರೆ ಸಹಬಾಳ್ವೆಯೋ ನಿರ್ಮೂಲವೋ ಎಂಬುದು ಬಹುಮಟ್ಟಿಗೆ ಗೊತ್ತಾಗುತ್ತದೆ. ಈ ಸರಳತೆ ಅವುಗಳ ಗುಣ, ಕೊರತೆಯೂ ಅದೇ.

ಬಿಳಿಗಿರಿರಂಗನ ಬೆಟ್ಟದಲ್ಲಿ ಅಮೆರಿಕ ಖಂಡದ ಲಂಟಾನ ದೇಶೀಯ ಸಸಿಗಳನ್ನು ಮುಚ್ಚಿದೆ. ಸೋಲಿಗರು ಬೇಸಗೆಯ ಮೊದಲಲ್ಲಿ ಹಾಕುತ್ತಿದ್ದ ತರಗುಬೆಂಕಿಗೆ ಆ ಕಾಡು 1974ರಲ್ಲಿ ವನ್ಯಧಾಮವಾದ ಮೇಲೆ ತಡೆ ಬಿತ್ತು. ಪೊದೆ ಹೆಚ್ಚಿದ್ದು ಅದರಿಂದಲೇ ಎಂಬುದು ಅವರ ಅನುಭವದ ಮಾತು. ಇದನ್ನು ಒಪ್ಪಿದರೆ, ಲಂಟಾನದ ವೃದ್ಧಿದರವೂ ನೆಲದ ಮಿತಿಯೂ ಸ್ಥಿರಾಂಕಗಳಲ್ಲ, ಬೆಂಕಿಯೊಡನೆ ಬದಲಾಗುವ ಚರಗಳು. ಪೊದೆ ದಟ್ಟವಾದಂತೆ ಬೆಂಕಿಯೂ ಉಗ್ರವಾಗುವುದರಿಂದ ಹಳೆಯ ಪದ್ಧತಿಯನ್ನು ಇದ್ದಂತೆಯೇ ಮರಳಿ ತರುವುದೂ ಸುಲಭವಲ್ಲ. ಆದುದರಿಂದ ಬೆಂಕಿಗೆ ಒಂದು ಪದವನ್ನೂ ಕೊಡದ ಸಮೀಕರಣದಿಂದ ಈ ಕಾಡಿನ ಭವಿಷ್ಯವನ್ನು ನುಡಿಯುವುದು ಸಲ್ಲದು.