ಮುಕ್ತ ಶಾಲೆಯ ದಾಖಲಾತಿ: ಒಂದು ವಿಮರ್ಶೆ

2022ರ ಆಗಸ್ಟ್ 31ರಂದು ದೆಹಲಿ ಸರ್ಕಾರವು ದೇಶದ ಪ್ರಥಮ ವರ್ಚುವಲ್ ಶಾಲೆಯೆಂಬ ಘೋಷಣೆಯೊಡನೆ ತನ್ನ ಶಾಲೆಯನ್ನು ಆರಂಭಿಸಿತು. ಆ ಹಿರಿಮೆ ತನ್ನದೆಂದೂ, ತನ್ನ ವರ್ಚುವಲ್ ಶಾಲೆ 2021ರ ಆಗಸ್ಟಿನಲ್ಲಿಯೇ ಉದ್ಘಾಟನೆಗೊಂಡಿತ್ತೆಂದೂ ನೋಯ್ಡಾದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ ಸಾರಿತು. ಮೊದಲಿಗರಾರೆಂಬ ಈ ವಾದದಲ್ಲಿ, ಬಂದು ಸೇರುವವರಾರೆಂಬ ಪ್ರಶ್ನೆ ಹಿಂದೆ ಸರಿಯಿತು. ದೆಹಲಿಯ ಶಾಲೆ ಆರಂಭವಾದುದು ಹದಿಮೂರರಿಂದ ಹದಿನೆಂಟು ವರ್ಷದವರಿಗಾಗಿ. ನೋಯ್ಡಾದ ಸಂಸ್ಥೆಯಲ್ಲಾದರೋ ಹತ್ತನೆಯ ತರಗತಿಯ ಹಂತಕ್ಕೆ 14 ವರ್ಷ ತುಂಬಿದ್ದರೆ ಸಾಕು, ಮೇಲಣ ಮಿತಿಯಿಲ್ಲ. ಆದಕಾರಣ ವಯಸ್ಕರ ಶಿಕ್ಷಣದ ದೃಷ್ಟಿಯಿಂದ ವಿಚಾರಾರ್ಹವಾದುದು ಎರಡನೆಯದೇ.

1979ರಲ್ಲಿ ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಳಿಯ ಪ್ರಯೋಗವಾಗಿ ಹುಟ್ಟಿ, 1989ರಲ್ಲಿ ಸ್ವತಂತ್ರವಾದ ಈ ಸಂಸ್ಥೆ ಜಗತ್ತಿನಲ್ಲೇ ಅತಿ ದೊಡ್ಡ ಮುಕ್ತ ಶಾಲೆಯೆಂದು ಹೇಳಿಕೊಳ್ಳುತ್ತದೆ. ಸ್ತ್ರೀಯರಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ, ಮಾಜಿ ಸೈನಿಕರಿಗೆ ಶುಲ್ಕದಲ್ಲಿ ರಿಯಾಯತಿಯುಂಟು. ಭಾರತೀಯ ಸನ್ನೆಭಾಷೆಯೂ ಒಂದು ಪಾಠ್ಯವಿಷಯ. ಇವು ನಿಜವಾದ ಗುಣಗಳು. ಆದರೆ ದಾಖಲಾತಿಯ ಸಂಖ್ಯೆಯನ್ನೇ ವಿದ್ಯೆಯ ಪ್ರಸಾರವೆಂದು ಓದುವುದು, ಬ್ಯಾಂಕಿನಲ್ಲಿ ತೆರೆದ ಖಾತೆಗಳನ್ನೆಣಿಸಿ ಠೇವಣಿಯ ಮೊತ್ತವನ್ನು ಹೇಳಿದಂತೆ. ಇಲ್ಲಿ ಒಮ್ಮೆ ಪಡೆದ ಪ್ರವೇಶ ಐದು ವರ್ಷ ಊರ್ಜಿತ. ಪರೀಕ್ಷೆಗೆ ಒಂಬತ್ತು ಅವಕಾಶಗಳು. ಒಂದೊಂದೇ ವಿಷಯವನ್ನು ಮುಗಿಸಿ ಅಂಕಗಳನ್ನು ಕೂಡಿಟ್ಟುಕೊಳ್ಳಬಹುದು. ಹೀಗಿರುವಾಗ ಒಂದು ಋತುವಿನ ಉತ್ತೀರ್ಣತೆಯ ಪ್ರಮಾಣವನ್ನು ಇತರ ಮಂಡಳಿಗಳ ಪ್ರಮಾಣದೊಡನೆ ತೂಗಿ ನಿಂದಿಸುವವರೂ ತಪ್ಪುತ್ತಾರೆ, ದಾಖಲಾತಿಯನ್ನು ತೋರಿಸಿ ಹೊಗಳುವವರೂ ತಪ್ಪುತ್ತಾರೆ. ಒಂದೇ ವರ್ಷ ಸೇರಿದವರನ್ನು ಐದನೆಯ ವರ್ಷದ ಕೊನೆಯವರೆಗೂ ಅನುಸರಿಸಿದ ಲೆಕ್ಕವೇ ಲೆಕ್ಕ.

ವೈವಿಧ್ಯವೆಂಬ ಮಾತನ್ನೂ ಹೀಗೆಯೇ ಪರೀಕ್ಷಿಸಬೇಕು. 2016ರಲ್ಲಿ ದೆಹಲಿ ಸರ್ಕಾರದ ‘ಚುನೌತಿ’ ಯೋಜನೆಯು ಒಂಬತ್ತನೆಯ ತರಗತಿಯಲ್ಲಿ ಪದೇ ಪದೇ ಅನುತ್ತೀರ್ಣರಾದ ಮಕ್ಕಳನ್ನು ಪತ್ರಾಚಾರ ವಿದ್ಯಾಲಯದತ್ತ ತಿರುಗಿಸಿತು. ದೂರಶಿಕ್ಷಣಕ್ಕೆ ಬರುವವರೆಲ್ಲ ಸ್ವೇಚ್ಛೆಯಿಂದ ಬರುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಮದುವೆಯಿಂದ ಓದು ನಿಂತು ನಲವತ್ತರಲ್ಲಿ ಮತ್ತೆ ಪುಸ್ತಕ ಹಿಡಿದ ಗೃಹಿಣಿ ಮುಕ್ತ ಶಾಲೆಯನ್ನು ಆರಿಸಿಕೊಂಡವಳು. ತರಗತಿಯಿಂದ ಹೊರಬಿದ್ದ ಹದಿನೈದರ ಹುಡುಗ ಅಲ್ಲಿಗೆ ದಬ್ಬಲ್ಪಟ್ಟವನು. ಮೊತ್ತದಲ್ಲಿ ಇಬ್ಬರೂ ಒಂದೊಂದು ಅಂಕಿ. ಸಾಮಾನ್ಯ ಶಾಲೆಯ ವೈಫಲ್ಯವು ಮುಕ್ತ ಶಾಲೆಯ ಔದಾರ್ಯವಾಗಿ ತೋರುವುದು ಇಲ್ಲಿಯೇ.

ಹೊರನಾಡ ಕನ್ನಡಿಗರಿಗೆ ಇನ್ನೊಂದು ಸಂಗತಿಯಿದೆ. ಈ ಸಂಸ್ಥೆಯ ಹತ್ತನೆಯ ತರಗತಿಯ ಹಂತದ ಭಾಷಾವಿಷಯಗಳಲ್ಲಿ ಕನ್ನಡವೂ ಒಂದು. ದೆಹಲಿ, ಗುರುಗ್ರಾಮ, ಗಾಜಿಯಾಬಾದುಗಳಲ್ಲಿ ನೆಲೆಸಿದವರಲ್ಲಿ ಅದನ್ನು ಆರಿಸಿಕೊಂಡವರೆಷ್ಟು, ಅವರಲ್ಲಿ ವಯಸ್ಕರೆಷ್ಟು ಎಂಬುದನ್ನು ಪ್ರಕಟಿಸಲು ಹೊಸ ಸಮೀಕ್ಷೆಯ ಅಗತ್ಯವಿಲ್ಲ. ಪ್ರವೇಶದ ಅರ್ಜಿಯಲ್ಲಿ ವಿಷಯ, ವಿಳಾಸ, ಜನ್ಮದಿನ ಮೂರೂ ಇರುತ್ತವೆ.