ಮನೆತನದ ಮರಗೆಲಸದ ಕಾಲವಿಚಾರ

ಓಲೆಯ ಪ್ರತಿಯೊಂದು ದೊರೆತಾಗ ಅದರ ಕೊನೆಯಲ್ಲಿರುವ ತೇದಿಯನ್ನು ನಾವು ಕವಿಯ ಕಾಲವೆಂದು ತಿಳಿಯುವುದಿಲ್ಲ. ಅದು ಲಿಪಿಕಾರನದೆಂದು ಬೇರ್ಪಡಿಸಿ ನೋಡುತ್ತೇವೆ. ಮೂಲವಾವುದು, ಪ್ರಕ್ಷಿಪ್ತವಾವುದು ಎಂದು ಸಾಲುಸಾಲಾಗಿ ವಿಚಾರಿಸುತ್ತೇವೆ. ಇಷ್ಟು ಎಚ್ಚರವುಳ್ಳ ವಿದ್ವಾಂಸರೇ ತಮ್ಮ ಮನೆಯ ಹಳೆಯ ಪೆಟ್ಟಿಗೆ, ತೊಟ್ಟಿಲು, ಉಯ್ಯಾಲೆಮಣೆಗಳ ವಿಷಯಕ್ಕೆ ಬಂದರೆ ಅಜ್ಜಂದಿರ ಮಾತನ್ನು ಶಾಸನವೆಂದೇ ಒಪ್ಪಿಬಿಡುವುದುಂಟು. ಹಾಗೆ ಒಪ್ಪಿದವರಲ್ಲಿ ಈ ಲೇಖಕನೂ ಒಬ್ಬನು.

ವಸ್ತುವು ಇರುವ ಸ್ಥಳದಿಂದ ಅದರ ಕಾಲವನ್ನು ಊಹಿಸುವುದು ಎಷ್ಟು ಅಪಾಯಕರವೆಂಬುದಕ್ಕೆ ಶ್ರೀರಂಗಪಟ್ಟಣದ ಗುಂಬಜೇ ಸಾಕ್ಷಿ. 1782ರಲ್ಲಿ ತೀರಿಕೊಂಡ ತನ್ನ ತಂದೆ ಹೈದರನಿಗಾಗಿ ಟಿಪ್ಪು ಸುಲ್ತಾನನು ಅದನ್ನು ಕಟ್ಟಿಸಿದನು. ದಂತದ ಕುಸುರಿಯುಳ್ಳ ಕರಿಮರದ ಬಾಗಿಲುಗಳಾದರೋ 1848ರಿಂದ 1856ರವರೆಗೆ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಡಾಲ್‌ಹೌಸಿಯ ಕೊಡುಗೆ. ಗೋಡೆಗೂ ಬಾಗಿಲಿಗೂ ನಡುವೆ ಅರುವತ್ತಕ್ಕೂ ಮೇಲ್ಪಟ್ಟು ವರ್ಷಗಳ ಅಂತರವಿದೆ. ಇದನ್ನು ಅರಿಯದೆ ಆ ಬಾಗಿಲನ್ನೇ ಅಳತೆಗೋಲಾಗಿ ಹಿಡಿದು, ಅದರಂತಹ ಬಳ್ಳಿಯಿರುವ ಕೆಲಸವೆಲ್ಲವೂ ಟಿಪ್ಪುವಿನ ಕಾಲದ್ದೆಂದು ಹೇಳಹೊರಟರೆ ಮೈಸೂರು ಸೀಮೆಯ ದಂತಗೆಲಸದ ಚರಿತ್ರೆಯೇ ತಲೆಕೆಳಗಾಗುವುದು.

ನಮ್ಮ ಮನೆಯಲ್ಲಿ ಬೀಟೆಯ ದೊಡ್ಡ ಪೆಟ್ಟಿಗೆಯೊಂದಿದೆ. ಅದೂ ಟಿಪ್ಪುವಿನ ಕಾಲದ್ದೆಂದೇ ಪ್ರತೀತಿ. ಇದಕ್ಕೆ ಆಧಾರ ಹಿರಿಯರ ಮಾತು, ಮತ್ತು ಅದರೊಳಗಿದ್ದ ಹಳೆಯ ಕಡತಗಳು. ಎರಡನೆಯ ಆಧಾರವಂತೂ ನಗೆಗೀಡು; ಪಂಪಭಾರತವನ್ನಿಟ್ಟ ಕಪಾಟು ಹತ್ತನೆಯ ಶತಮಾನದ್ದಾಗುವುದೆ? ಆದರೂ ಬಹುಕಾಲ ನಾನು ಅದನ್ನೇ ನಂಬಿದ್ದೆನು. ಕೊನೆಗೊಮ್ಮೆ ಮುಚ್ಚಳದ ತಿರುಪುಮೊಳೆಯೊಂದು ಸಡಿಲವಾಗಿ ಕೈಗೆ ಬಂದುದರಿಂದ ಸಂಶಯ ಹುಟ್ಟಿತು.

ಕೈಯಿಂದ ಅರದಲ್ಲಿ ಉಜ್ಜಿ ಮಾಡುತ್ತಿದ್ದ ಹಿಂದಿನ ತಿರುಪುಮೊಳೆಗೆ ತುದಿ ಮೊಂಡು. ಸುತ್ತುಗಳು ಒಂದರಂತೆ ಒಂದಿರವು. ತಲೆಯ ಮೇಲಿನ ಗೀರು ಎಷ್ಟೋ ವೇಳೆ ನಡುವಿನಿಂದ ಜಾರಿರುವುದು. ತುದಿಯನ್ನು ಚೂಪಾಗಿಸಿ ಒಂದೇ ಅಚ್ಚಿನಂತೆ ಮಾಡುವ ಯಂತ್ರಗಳು ಅಮೆರಿಕದಲ್ಲಿ 1840ರ ದಶಕದಲ್ಲಿ ಸಿದ್ಧವಾಗಿ, 1854ರ ಸುಮಾರಿಗೆ ಇಂಗ್ಲೆಂಡಿಗೂ ಬಂದುವು. ನನ್ನ ಕೈಗೆ ಬಂದ ಮೊಳೆಯ ತುದಿ ಚೂಪಾಗಿದ್ದಿತು. 1799ರಲ್ಲಿ ಮಡಿದ ಸುಲ್ತಾನನ ಕಾಲದಲ್ಲಿ ಅಂತಹ ಮೊಳೆ ಎಲ್ಲಿಂದ ಬರಬೇಕು?

ಇಲ್ಲಿ ಅವಸರ ಕೂಡದು. ಮೊಳೆಯು ಪ್ರಕ್ಷಿಪ್ತವಾಗಿರಬಹುದು, ರಿಪೇರಿಗೆ ಬಂದ ಬಡಗಿ ಹಳೆಯದನ್ನು ಕಿತ್ತು ಹೊಸದನ್ನು ಹೊಡೆದಿರಬಹುದು. ಆದುದರಿಂದ ಕೀಲುಪಟ್ಟಿಗಳನ್ನೆಲ್ಲ ಬಿಚ್ಚಿಸಿ ನೋಡಿದೆನು. ಅವುಗಳ ಕೆಳಗೆ ಬೇರೊಂದು ಪಟ್ಟಿಯ ನೆರಳಾಗಲಿ, ತುಂಬಿ ಮುಚ್ಚಿದ ಹಳೆಯ ತೂತಾಗಲಿ ಇಲ್ಲ. ಉಳಿಯಿಂದ ತೋಡಿದ ತಗ್ಗು ಈ ಪಟ್ಟಿಗೇ ಸರಿಯಾಗಿ ಒಪ್ಪುತ್ತದೆ. ಆದಕಾರಣ ಪೆಟ್ಟಿಗೆಯ ಒಡಲೇ 1850ರಿಂದೀಚಿನದೆಂದು ಒಪ್ಪಬೇಕಾಯಿತು. ತಳದ ಹಲಗೆ ಇನ್ನೂ ಈಚಿನದು. ಪಕ್ಕದ ಹಲಗೆಗಳ ಒಳಮೈಯಲ್ಲಿ ಇಬ್ಬರು ಎಳೆದ ಗರಗಸದ ಓರೆಕೋರೆಯಾದ ನೇರಗೀರುಗಳಿದ್ದರೆ, ತಳದಲ್ಲಿ ಕಾಣುವುದು ಯಂತ್ರದ ಚಕ್ರಗರಗಸದ ಬಿಲ್ಲುಗೀರು; ಹೊಡೆದಿರುವುದು ತಂತಿಯಿಂದ ಮಾಡಿದ ದುಂಡುಮೊಳೆ, ಅಗ್ಗವಾಗಿ ಎಲ್ಲೆಡೆ ಹಬ್ಬಿದುದು ಹತ್ತೊಂಬತ್ತನೆಯ ಶತಮಾನದ ಕೊನೆಗೆ. ಹೀಗೆ ಒಂದೇ ಪೆಟ್ಟಿಗೆಯಲ್ಲಿ ಎರಡು ಪಾಠಗಳು.

ಇಂಗಾಲದ ಪರೀಕ್ಷೆಯಿಂದ ಎಲ್ಲವೂ ಇತ್ಯರ್ಥವಾಗುವುದಲ್ಲವೇ ಎಂದು ಕೆಲವರು ಕೇಳಬಹುದು. ಸುಮಾರು 1650ರಿಂದ 1950ರವರೆಗಿನ ಮರಕ್ಕೆ ಆ ಪರೀಕ್ಷೆ ಒಂದೇ ಖಚಿತವಾದ ಉತ್ತರವನ್ನು ಕೊಡಲಾರದು. ಕೊಟ್ಟರೂ ಅದು ಮರ ಬೆಳೆದ ಕಾಲವೇ ಹೊರತು ಪೆಟ್ಟಿಗೆ ಮಾಡಿದ ಕಾಲವಲ್ಲ. ಬಿದ್ದ ಮನೆಯ ತೊಲೆಯನ್ನು ಸೀಳಿ ಹೊಸ ಸಾಮಾನು ಮಾಡಿಸುವುದು ನಮ್ಮಲ್ಲಿ ಹೊಸತೇನೂ ಅಲ್ಲ.

ಕಾಲಕ್ಕಿಂತ ಕಷ್ಟವಾದುದು ಹುಟ್ಟಿದ ಊರಿನ ಪ್ರಶ್ನೆ. ಬೆಲೆಯುಳ್ಳ ಬೀಟೆ ದೂರದೂರಕ್ಕೆ ಹೋಗುತ್ತದೆ. ಅದನ್ನು ನೋಡಿ ಊರು ಹೇಳಲಾಗದು. ಕಣ್ಣಿಗೆ ಬೀಳದೆಡೆಯಲ್ಲಿ ಬಡಗಿಯು ಹತ್ತಿರ ಸಿಕ್ಕಿದ ಅಗ್ಗದ ಮರವನ್ನೇ ಹಾಕುವನಾದುದರಿಂದ ಒಳಗಿನ ಮರವೇ ಹೆಚ್ಚು ನಂಬಿಕೆಗೆ ಅರ್ಹ. ನಮ್ಮ ಪೆಟ್ಟಿಗೆಯ ಒಳಗೂಡು ಹಲಸಿನದು. ಆದರೆ ಹಲಸು ಬೆಳೆಯುವ ಸೀಮೆಗಳು ಹಲವು. ಇಷ್ಟರಿಂದಲೇ ಊರನ್ನು ಹೆಸರಿಸುವುದು ದುಡುಕಾದೀತು.

ಆ ಒಳಗೂಡನ್ನು ಹೊರಗೆ ತೆಗೆದಾಗ ಇನ್ನೊಂದು ಸಂಗತಿ ಕಂಡಿತು. ಹಲಗೆಗಳ ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸಿ ಒಂದರೊಳಗೊಂದು ಕೂಡಿಸಿದ ಮೂಲೆಗಳಲ್ಲಿ, ಯಾವ ಹಲಗೆಗೆ ಯಾವುದು ಜೊತೆಯೆಂದು ತಿಳಿಯಲು ಉಳಿಯ ಮೊನೆಯಿಂದ ಗೀರಿದ ಗುರುತುಗಳಿವೆ. ಅವು ೧, ೨, ೩, ೪ ಎಂಬ ಕನ್ನಡ ಅಂಕಿಗಳು. ಮೂರರ ಬಾಲ ಉದ್ದವಾಗಿ ಮರದ ಎಳೆಯಗುಂಟ ಜಾರಿದೆ. ನಾಲ್ಕನ್ನು ಒಮ್ಮೆ ತಪ್ಪಾಗಿ ಗೀರಿ, ಕೀಸಿ, ಮತ್ತೆ ಬರೆದಿದ್ದಾನೆ. ಅಜ್ಜನು ಹೇಳಿದ ಕಥೆಯಲ್ಲಿ ಸುಲ್ತಾನನಿದ್ದನು, ದಿವಾನನಿದ್ದನು. ಈ ಬಡಗಿ ಇರಲಿಲ್ಲ.